ಪಪೈರಸ್ ಸುರುಳಿಗಳೂ ತಾಡಪತ್ರ ಗ್ರಂಥಗಳೂ: ಹಸ್ತಪ್ರತಿಗಳ ಪ್ರಾಪ್ತಿಚರಿತ್ರೆಯ ವಿಚಾರ

ಹಸ್ತಪ್ರತಿಯ ಅಧ್ಯಯನದಲ್ಲಿ ಎರಡು ಪ್ರಶ್ನೆಗಳು ಮುಖ್ಯವಾದವು. ಪ್ರತಿಯಲ್ಲಿ ಏನು ಬರೆದಿದೆ ಎಂಬುದು ಮೊದಲನೆಯದು. ಆ ಪ್ರತಿ ಎಲ್ಲಿ ಹುಟ್ಟಿ, ಯಾರ ಯಾರ ವಶದಲ್ಲಿದ್ದು, ಯಾವ ದಾರಿಯಿಂದ ಇಂದಿನ ಓದುಗನವರೆಗೆ ಬಂದಿತು ಎಂಬುದು ಎರಡನೆಯದು. ಈ ಎರಡನೆಯ ಪ್ರಶ್ನೆಗೆ ದೊರೆಯುವ ಉತ್ತರವನ್ನು ಪ್ರತಿಯ ‘ಪ್ರಾಪ್ತಿಚರಿತ್ರೆ’ ಎಂದು ಕರೆಯಬಹುದು. ನಮ್ಮ ನಾಡಿನ ಗ್ರಂಥಸಂಪಾದನ ಪರಂಪರೆಯು ಪಾಠನಿರ್ಣಯಕ್ಕೆ ಕೊಟ್ಟಷ್ಟು ಗಮನವನ್ನು ಪ್ರಾಪ್ತಿಚರಿತ್ರೆಗೆ ಕೊಟ್ಟಿಲ್ಲ. ಆದರೆ ಇವೆರಡೂ ಬೇರೆ ಬೇರೆ ವಿಚಾರಗಳಲ್ಲ. ಪ್ರಾಪ್ತಿಚರಿತ್ರೆ ತಿಳಿಯದ ಪ್ರತಿಯ ಪಾಠವನ್ನು ತೂಗಿನೋಡುವುದು ಕಷ್ಟ, ಕೆಲವೊಮ್ಮೆ ಅಸಾಧ್ಯ.

ಈ ಮಾತನ್ನು ಸ್ಪಷ್ಟಪಡಿಸಲು ಎರಡು ಬಗೆಯ ಪ್ರಾಚೀನ ಗ್ರಂಥರಾಶಿಗಳನ್ನು ಹೋಲಿಸಿ ನೋಡುವುದು ಉಪಯುಕ್ತವಾಗಿದೆ. ಒಂದು, ಈಜಿಪ್ಟಿನ ಮರಳಿನಲ್ಲಿ ಹೂತುಹೋಗಿ ಕಳೆದ ಎರಡು ಶತಮಾನಗಳಲ್ಲಿ ಹೊರಬಂದ ಪಪೈರಸ್ ಸುರುಳಿಗಳು. ಇನ್ನೊಂದು, ಕರ್ನಾಟಕದ ಕರಾವಳಿಯ ಬಸದಿ, ಮಠ ಹಾಗೂ ಮನೆಗಳಲ್ಲಿ ಉಳಿದುಬಂದ ತಾಡಪತ್ರಗಳು. ಇವೆರಡಕ್ಕೂ ಸಂಬಂಧವೇನು ಎಂದು ಮೊದಲ ನೋಟಕ್ಕೆ ಸಂಶಯ ಬರಬಹುದು. ಆದರೆ ಕನ್ನಡ ಭಾಷೆಯ ಪ್ರಾಚೀನತೆಯನ್ನು ಕುರಿತ ಪ್ರಸಿದ್ಧ ಚರ್ಚೆಯೊಂದಕ್ಕೆ ಆಧಾರವಾಗಿರುವುದೇ ಒಂದು ಪಪೈರಸ್ ಎಂಬುದನ್ನು ಇಲ್ಲಿ ನೆನೆಯಬೇಕು.

೧. ಪಪೈರಸ್ ಮತ್ತು ತಾಳೆಗರಿ: ದ್ರವ್ಯದ ಸ್ವರೂಪ

ಪಪೈರಸ್ ಎಂಬುದು ನೈಲ್ ನದಿಯ ಜೌಗು ಪ್ರದೇಶದಲ್ಲಿ ಬೆಳೆಯುವ ಒಂದು ಬಗೆಯ ಜೊಂಡು. ಅದರ ಕಾಂಡದ ಸಿಪ್ಪೆ ತೆಗೆದು, ಒಳಗಿನ ತಿರುಳನ್ನು ತೆಳುವಾದ ಪಟ್ಟಿಗಳಾಗಿ ಸೀಳಿ, ಒಂದು ಪದರದ ಮೇಲೆ ಇನ್ನೊಂದು ಪದರವನ್ನು ಅಡ್ಡಲಾಗಿ ಇರಿಸಿ, ಒತ್ತಿ ಒಣಗಿಸಿದರೆ ಹಾಳೆ ಸಿದ್ಧವಾಗುತ್ತಿತ್ತು. ಅಂತಹ ಹಾಳೆಗಳನ್ನು ಅಂಚಿಗೆ ಅಂಚು ಅಂಟಿಸಿ ಸುರುಳಿ ಮಾಡುತ್ತಿದ್ದರು. ಸುರುಳಿಯ ಒಳಮೈಯಲ್ಲಿ ನಾರು ಅಡ್ಡಲಾಗಿಯೂ ಹೊರಮೈಯಲ್ಲಿ ಉದ್ದವಾಗಿಯೂ ಇರುತ್ತದೆ. ಸಾಮಾನ್ಯವಾಗಿ ಮೊದಲ ಬರಹ ಒಳಮೈಯಲ್ಲಿರುತ್ತದೆ. ಸುರುಳಿ ಹಳತಾದ ಮೇಲೆ ಅದರ ಹೊರಮೈಯನ್ನು ಬೇರೊಂದು ಬರಹಕ್ಕೆ ಉಪಯೋಗಿಸುವ ರೂಢಿಯಿತ್ತು. ಯಾವ ಮೈಯಲ್ಲಿ ಏನಿದೆ ಎಂಬುದು ಕಾಲನಿರ್ಣಯಕ್ಕೆ ಆಧಾರವಾಗುವುದು ಇದರಿಂದಲೇ. ಬರಹವಿರುವ ಅತ್ಯಂತ ಹಳೆಯ ಪಪೈರಸುಗಳು ೨೦೧೩ರಲ್ಲಿ ಕೆಂಪು ಸಮುದ್ರದ ತೀರದ ವಾದಿ ಅಲ್-ಜರ್ಫ್ ಎಂಬಲ್ಲಿ ದೊರೆತವು. ಅವು ಖುಫು ದೊರೆಯ ಕಾಲದವು. ಎಂದರೆ ಸುಮಾರು ನಾಲ್ಕೂವರೆ ಸಾವಿರ ವರ್ಷಗಳಷ್ಟು ಹಳೆಯವು.

ಪಪೈರಸಿನ ಉಳಿವಿಗೆ ಒಣ ನೆಲವೇ ಕಾರಣ. ಮಳೆಯೇ ಇಲ್ಲವೆನ್ನಬಹುದಾದ ಮರಳುಗಾಡಿನಲ್ಲಿ ಅದು ಸಾವಿರಾರು ವರ್ಷ ಕೆಡದೆ ಉಳಿಯುತ್ತದೆ. ತೇವ ತಗುಲಿದರೆ ಕೊಳೆಯುತ್ತದೆ. ಸುಳ್ಯ ಸೀಮೆಯ ಮಂಡೆಕೋಲಿನಂತಹ ಊರನ್ನು ಇದರೊಡನೆ ಹೋಲಿಸಿದರೆ ಅಂತರ ಸ್ಪಷ್ಟವಾಗುತ್ತದೆ. ಘಟ್ಟದ ಬುಡದ ಈ ನಾಡಿನಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಇಲ್ಲಿ ಮಣ್ಣಿನಲ್ಲಿ ಹೂತ ಯಾವ ಗ್ರಂಥವೂ ಉಳಿಯದು. ಉಳಿಯಬೇಕಾದರೆ ಅದು ಮನುಷ್ಯರ ಕೈಯಲ್ಲಿಯೇ ಇರಬೇಕು. ಆದುದರಿಂದ ಕರಾವಳಿಯ ಓಲೆಗ್ರಂಥಗಳ ಆಯುಸ್ಸು ಹವೆಯ ಅನುಗ್ರಹವಲ್ಲ. ಅದು ತಲೆತಲಾಂತರದ ಆರೈಕೆಯ ಫಲ.

ಆ ಆರೈಕೆಯ ಕ್ರಮ ಸುಪರಿಚಿತವಾದುದು. ತುಳುವಿನಲ್ಲಿ ಪನೋಲಿ ಎನ್ನಿಸಿಕೊಳ್ಳುವ ಶ್ರೀತಾಳೆಯ ಗರಿ ಅಗಲವಾಗಿಯೂ ಮೆದುವಾಗಿಯೂ ಇರುವುದರಿಂದ ಶಾಸ್ತ್ರಗ್ರಂಥಗಳಿಗೆ ಅದನ್ನೇ ಆರಿಸುತ್ತಿದ್ದರು. ಗರಿಯನ್ನು ಕತ್ತರಿಸಿ, ನೀರಿನಲ್ಲಿ ಬೇಯಿಸಿ, ಒಣಗಿಸಿ, ಉಜ್ಜಿ ನುಣುಪುಗೊಳಿಸಿ, ಕಬ್ಬಿಣದ ಕಂಟದಿಂದ ಕೊರೆದು, ಕೊರೆದ ಗೆರೆಗಳಿಗೆ ಮಸಿ ತುಂಬುತ್ತಿದ್ದರು. ಗರಿಗಳಿಗೆ ರಂಧ್ರ ಮಾಡಿ, ದಾರ ಪೋಣಿಸಿ, ಎರಡು ಮರದ ಹಲಗೆಗಳ ನಡುವೆ ಕಟ್ಟು ಕಟ್ಟಿ, ಬಟ್ಟೆಯ ವೇಷ್ಟನದಲ್ಲಿ ಸುತ್ತಿಡುತ್ತಿದ್ದರು. ಹೀಗಿದ್ದರೂ ಹುಳು ಮತ್ತು ತೇವಗಳಿಂದ ಗರಿ ಕ್ಷಯಿಸುವುದು ತಪ್ಪದು. ಆದುದರಿಂದ ಕೆಲವು ಶತಮಾನಗಳಿಗೊಮ್ಮೆ ಹಳೆಯ ಪ್ರತಿಯಿಂದ ಹೊಸ ಪ್ರತಿಯನ್ನು ತೆಗೆಯಲೇಬೇಕಾಗುತ್ತಿತ್ತು.

ಸುರುಳಿಯ ರೂಪ ಜೈನ ಪರಂಪರೆಗೆ ಅಪರಿಚಿತವೇನಲ್ಲ. ಚಾತುರ್ಮಾಸ್ಯಕ್ಕೆ ಆಚಾರ್ಯರನ್ನು ಆಮಂತ್ರಿಸಲು ಗುಜರಾತ, ರಾಜಸ್ಥಾನಗಳ ಶ್ವೇತಾಂಬರ ಸಂಘಗಳು ಕಳುಹಿಸುತ್ತಿದ್ದ ಸಚಿತ್ರ ವಿಜ್ಞಪ್ತಿಪತ್ರಗಳು ಸುರುಳಿಗಳೇ. ಚಿತ್ರಕಾರ ಶಾಲಿವಾಹನನ ೧೬೧೦ರ ಆಗ್ರಾ ವಿಜ್ಞಪ್ತಿಪತ್ರ ಇವುಗಳಲ್ಲಿ ಪ್ರಸಿದ್ಧವಾದುದು. ಆದರೆ ಕರ್ನಾಟಕದಲ್ಲಿ ಶಾಸ್ತ್ರಗ್ರಂಥದ ರೂಪವೆಂದರೆ ಓಲೆಯ ಕಟ್ಟೇ ಆಗಿತ್ತು.

೨. ಪಪೈರಸ್ ಸಂಗ್ರಹದ ಆಧುನಿಕ ಚರಿತ್ರೆ

ಪಪೈರಸುಗಳು ಯುರೋಪಿನ ವಿದ್ವಾಂಸರ ಗಮನಕ್ಕೆ ಬಂದುದು ೧೮ನೆಯ ಶತಮಾನದ ನಡುಭಾಗದಲ್ಲಿ. ಕ್ರಿ.ಶ. ೭೯ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಸ್ಫೋಟದಲ್ಲಿ ಮುಚ್ಚಿಹೋದ ಇಟಲಿಯ ಹರ್ಕ್ಯುಲೇನಿಯಮ್ ಪಟ್ಟಣದ ಮನೆಯೊಂದರಲ್ಲಿ ೧೭೫೨ರ ವೇಳೆಗೆ ಇದ್ದಿಲಾಗಿದ್ದ ಸುರುಳಿಗಳು ದೊರೆತವು. ಅವುಗಳನ್ನು ಬಿಡಿಸುವ ಯತ್ನದಲ್ಲಿ ಅನೇಕ ಸುರುಳಿಗಳು ಪುಡಿಯಾದವು. ಬಿಡಿಸದೆ ಉಳಿದ ಸುರುಳಿಗಳನ್ನು ಈಗ ಕ್ಷಕಿರಣದ ಮೂಲಕ, ಮುಟ್ಟದೆಯೇ ಓದುವ ಪ್ರಯತ್ನ ನಡೆದಿದೆ. ೨೦೨೩ರಲ್ಲಿ ಹಾಗೆ ಓದಿದ ಮೊದಲ ಪೂರ್ಣ ಪದ ಪ್ರಕಟವಾಯಿತು. ಅಂದು ಆತುರದಿಂದ ಬಿಡಿಸಿದವರಿಗಿಂತ ಬಿಡಿಸದೆ ಇಟ್ಟವರೇ ಹೆಚ್ಚು ಉಪಕಾರ ಮಾಡಿದಂತಾಯಿತು.

ಈಜಿಪ್ಟಿನ ಸಂಗ್ರಹದಲ್ಲಿ ಎರಡು ಮಾರ್ಗಗಳು ಕಾಣುತ್ತವೆ. ಒಂದು, ವ್ಯಾಪಾರಿಗಳ ಮಾರ್ಗ. ೧೮೮೮ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿಗಾಗಿ ವಾಲಿಸ್ ಬಡ್ಜ್ ಎಂಬ ವಿದ್ವಾಂಸರು ಪಡೆದ ಆನಿಯ ಪಪೈರಸ್ ಸುಮಾರು ೨೪ ಮೀಟರ್ ಉದ್ದದ ಸಚಿತ್ರ ಸುರುಳಿ. ಚೌಕಟ್ಟುಗಳಲ್ಲಿ ಇರಿಸುವ ಅನುಕೂಲಕ್ಕಾಗಿ ಅದನ್ನು ೩೭ ತುಂಡುಗಳಾಗಿ ಕತ್ತರಿಸಲಾಯಿತು. ಅದೇ ಕಾಲದಲ್ಲಿ ಆ ಸಂಸ್ಥೆಗೆ ಸೇರಿದ ಇನ್ನೊಂದು ಪ್ರತಿಯಲ್ಲಿ ಅರಿಸ್ಟಾಟಲನ ಹೆಸರಿನಲ್ಲಿರುವ ಅಥೆನ್ಸಿನ ರಾಜ್ಯಪದ್ಧತಿಯ ಗ್ರಂಥ ದೊರೆಯಿತು. ಹೆಚ್ಚುಕಡಮೆ ಲುಪ್ತವಾಗಿದ್ದ ಈ ಕೃತಿ ೧೮೯೧ರಲ್ಲಿ ಮುದ್ರಿತವಾಯಿತು. ವಿಶೇಷವೆಂದರೆ, ಆ ಸುರುಳಿಗಳ ಒಳಮೈಯಲ್ಲಿದ್ದುದು ಹೊಲಗದ್ದೆಯ ಲೆಕ್ಕ, ಮಹಾಗ್ರಂಥವಿದ್ದುದು ಹಿಂಬದಿಯಲ್ಲಿ. ಲೆಕ್ಕದಲ್ಲಿ ವರ್ಷ ಬರೆದಿದ್ದುದರಿಂದ ಹಿಂಬದಿಯ ಬರಹ ಅದಕ್ಕಿಂತ ಈಚಿನದೆಂದು ನಿಶ್ಚಯಿಸಲು ಸಾಧ್ಯವಾಯಿತು. ಅಲ್ಪವೆಂದು ತೋರುವ ಲೆಕ್ಕದ ಚೀಟಿಯೂ ಶಾಸ್ತ್ರದ ಕಾಲನಿರ್ಣಯಕ್ಕೆ ಸಾಕ್ಷಿಯಾಗಬಲ್ಲುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಎರಡನೆಯದು ಉತ್ಖನನದ ಮಾರ್ಗ. ಕೈರೋದಿಂದ ಸುಮಾರು ೧೬೦ ಕಿಲೋಮೀಟರ್ ದಕ್ಷಿಣಕ್ಕಿರುವ ಆಕ್ಸಿರಿಂಕಸ್ ಎಂಬ ಹಾಳು ಪಟ್ಟಣದಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಬ್ಬರು ಆಕ್ಸ್‌ಫರ್ಡ್ ವಿದ್ವಾಂಸರು ೧೮೯೬-೯೭ರ ಚಳಿಗಾಲದಲ್ಲಿ ಅಗೆತವನ್ನು ಆರಂಭಿಸಿದರು. ಮತ್ತೆ ೧೯೦೩ರಿಂದ ೧೯೦೭ರವರೆಗೆ ಅದನ್ನು ಮುಂದುವರಿಸಿದರು. ಅಲ್ಲಿ ದೊರೆತುದು ಗ್ರಂಥಭಂಡಾರವಲ್ಲ, ಊರಿನ ಕಸದ ತಿಪ್ಪೆಗಳು. ಜನ ಬೇಡವೆಂದು ಎಸೆದ ತೆರಿಗೆಯ ರಸೀದಿ, ಕಾಗದಪತ್ರ, ಒಪ್ಪಂದಗಳ ನಡುವೆ ಕಾವ್ಯನಾಟಕಗಳ ಹರಕುಗಳೂ ಇದ್ದವು. ಅಲ್ಲಿಂದ ತಂದ ತುಣುಕುಗಳ ಸಂಖ್ಯೆಯನ್ನು ಐದು ಲಕ್ಷಕ್ಕೂ ಹೆಚ್ಚೆಂದು ಅಂದಾಜು ಮಾಡಲಾಗಿದೆ. ೧೮೯೮ರಿಂದ ಇಂದಿನವರೆಗೆ ೮೦ಕ್ಕೂ ಹೆಚ್ಚು ಸಂಪುಟಗಳು ಪ್ರಕಟವಾಗಿದ್ದರೂ ಓದಬೇಕಾದ ರಾಶಿ ಇನ್ನೂ ದೊಡ್ಡದಾಗಿಯೇ ಉಳಿದಿದೆ.

ಪಪೈರಸಿಗೂ ತಾಡಪತ್ರಕ್ಕೂ ಇರುವ ಮೂಲಭೂತ ಭೇದ ಇಲ್ಲಿದೆ. ಒಂದನ್ನು ಎಸೆದುದರಿಂದ ಉಳಿಯಿತು. ಇನ್ನೊಂದನ್ನು ಪೂಜಿಸಿದುದರಿಂದ ಉಳಿಯಿತು. ಎಸೆದುದರಲ್ಲಿ ಆಯ್ಕೆಯಿಲ್ಲ, ಆದುದರಿಂದ ಅಲ್ಲಿ ದಿನಬಳಕೆಯ ಬದುಕಿನ ಚಿತ್ರವಿದೆ. ಪೂಜಿಸಿದುದರಲ್ಲಿ ಆಯ್ಕೆಯಿದೆ, ಪರಂಪರೆಯಿದೆ, ಪ್ರತಿಯಿಂದ ಪ್ರತಿಗೆ ಸಾಗಿದ ಸರಪಳಿಯಿದೆ. ಪಪೈರಸಿನ ವಿದ್ವಾಂಸನಿಗೆ ಒಂದೇ ಹರಕು ದೊರೆತರೆ ತಾಡಪತ್ರದ ವಿದ್ವಾಂಸನಿಗೆ ಒಂದು ಸಂತತಿಯೇ ದೊರೆಯುತ್ತದೆ. ಆ ಸಂತತಿಯಲ್ಲಿ ತಾಯಿ ಯಾವುದು, ಮಗಳು ಯಾವುದು ಎಂಬುದನ್ನು ಅರಿಯುವುದೇ ಅವನ ಮೊದಲ ಕರ್ತವ್ಯ.

೩. ಆಕ್ಸಿರಿಂಕಸಿನ ೪೧೩ನೆಯ ಪಪೈರಸ್ ಮತ್ತು ಕನ್ನಡ

೧೯೦೩ರಲ್ಲಿ ಪ್ರಕಟವಾದ ಆಕ್ಸಿರಿಂಕಸ್ ಸಂಪುಟಗಳ ಮೂರನೆಯ ಭಾಗದಲ್ಲಿ ೪೧೩ನೆಯ ಸಂಖ್ಯೆಯ ಪಪೈರಸ್ ಸೇರಿದೆ. ಅದು ಕ್ರಿ.ಶ. ೨ನೆಯ ಶತಮಾನದ್ದೆಂದು ಹೇಳಲಾಗುವ ಒಂದು ಗ್ರೀಕ್ ಪ್ರಹಸನ. ಈಗ ಅದು ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ. ಕಥಾಸಾರ ಇಷ್ಟು: ಚಾರಿಷನ್ ಎಂಬ ಗ್ರೀಕ್ ಯುವತಿ ದೂರದ ಸಮುದ್ರತೀರದ ನಾಡೊಂದರಲ್ಲಿ, ಚಂದ್ರದೇವತೆಯ ಆಲಯದಲ್ಲಿ ಸೆರೆಯಾಗಿದ್ದಾಳೆ. ಅವಳ ಸಹೋದರ ತನ್ನ ಸಂಗಡಿಗರೊಡನೆ ಹಡಗಿನಲ್ಲಿ ಬಂದು, ಆ ನಾಡಿನ ದೊರೆಗೂ ಪರಿವಾರಕ್ಕೂ ಮದ್ಯ ಕುಡಿಸಿ, ಅವರು ಮೈಮರೆತಾಗ ಅವಳನ್ನು ಬಿಡಿಸಿಕೊಂಡು ಹೋಗುತ್ತಾನೆ. ಆ ನಾಡಿನ ದೊರೆಯೂ ಜನರೂ ಆಡುವ ಮಾತುಗಳು ಗ್ರೀಕ್ ಲಿಪಿಯಲ್ಲಿಯೇ ಇದ್ದರೂ ಗ್ರೀಕ್ ಭಾಷೆಯವಲ್ಲ.

ಆ ಮಾತುಗಳು ಕನ್ನಡವೆಂದು ೧೯೦೪ರಲ್ಲಿ ಮೊದಲು ಸೂಚಿಸಿದವರು, ಹಿಂದೆ ಮದ್ರಾಸ್ ಸರ್ಕಾರದ ಶಾಸನತಜ್ಞರಾಗಿದ್ದು ಆ ವೇಳೆಗೆ ಜರ್ಮನಿಯಲ್ಲಿ ಪ್ರಾಧ್ಯಾಪಕರಾಗಿದ್ದ ಹುಲ್ಷ್. ‘ಕೊಂಚ’, ‘ಮಧು’, ‘ಪಾತ್ರ’ ಮೊದಲಾದ ಪದಗಳನ್ನು ಅವರು ಗುರುತಿಸಿದರು. ೧೯೨೬ರ ಮೈಸೂರು ಪುರಾತತ್ತ್ವ ಇಲಾಖೆಯ ವರದಿಯಲ್ಲಿ ಆರ್. ಶಾಮಶಾಸ್ತ್ರಿಗಳು ಈ ವಿಚಾರವನ್ನು ಮುಂದುವರಿಸಿದರು. ಮಂಜೇಶ್ವರದ ಗೋವಿಂದ ಪೈಗಳೂ ಇದರಲ್ಲಿ ಆಸಕ್ತಿ ತಳೆದರು. ಘಟನೆ ನಡೆದ ಸ್ಥಳವನ್ನು ತುಳುನಾಡಿನ ಕರಾವಳಿಯಲ್ಲಿ ಹುಡುಕಿದವರುಂಟು. ಆ ಮಾತುಗಳು ಕನ್ನಡವಲ್ಲ, ತುಳು ಎಂದು ವಾದಿಸಿದವರೂ ಉಂಟು. ಇದಕ್ಕೆ ಪ್ರತಿಯಾಗಿ ಬಾರ್ನೆಟ್ ಎಂಬ ವಿದ್ವಾಂಸರು ೧೯೨೬ರಲ್ಲಿಯೇ ಕನ್ನಡದ ವಾದವನ್ನು ಆಕ್ಷೇಪಿಸಿದರು.

ಈ ಚರ್ಚೆಯ ಒಳಹೊಕ್ಕು ನೋಡಿದರೆ ಮೂರು ತೊಡಕುಗಳು ತೋರುತ್ತವೆ. ಮೊದಲನೆಯದು ಲಿಪಿಯದು. ಗ್ರೀಕ್ ಲಿಪಿಕಾರನಿಗೆ ತಾನು ಬರೆಯುತ್ತಿದ್ದ ಪರಭಾಷೆ ತಿಳಿದಿತ್ತೆನ್ನಲು ಆಧಾರವಿಲ್ಲ. ಪದಗಳ ನಡುವೆ ಅಂತರವೂ ಇಲ್ಲ. ಎಲ್ಲಿ ಒಡೆದರೆ ಯಾವ ಪದವಾಗುತ್ತದೆ ಎಂಬುದು ಓದುವವನ ಊಹೆಗೆ ಬಿಟ್ಟುದಾಗಿದೆ. ಎರಡನೆಯದು ಭಾಷಾಚರಿತ್ರೆಯದು. ಗುರುತಿಸಲಾದ ರೂಪಗಳಲ್ಲಿ ‘ಹಾಕಿ’ ಎಂಬಂತಹವು ಇವೆ. ಕನ್ನಡದಲ್ಲಿ ಪದಾದಿಯ ಪಕಾರ ಹಕಾರವಾದುದು ಹಳಗನ್ನಡದ ಕಾಲದ ಕೊನೆಗೆ, ಎಂದರೆ ಈ ಪಪೈರಸಿಗಿಂತ ಅನೇಕ ಶತಮಾನಗಳ ಅನಂತರ. ೫ನೆಯ ಶತಮಾನದ ಹಲ್ಮಿಡಿ ಶಾಸನದ ಭಾಷೆಗಿಂತ ೨ನೆಯ ಶತಮಾನದ ಭಾಷೆ ಇಂದಿನ ಆಡುಮಾತಿಗೆ ಹತ್ತಿರವಾಗಿತ್ತೆಂದು ಒಪ್ಪುವುದು ಸುಲಭವಲ್ಲ. ಮೂರನೆಯದು ಸಾಧನದ ತೊಡಕು. ಭಾರತದಲ್ಲಿ ನಡೆದ ಚರ್ಚೆಗೆ ಆಧಾರವಾಗಿದ್ದುದು ಗ್ರೀಕ್ ಪಂಡಿತರು ಓದಿ ಅಚ್ಚು ಹಾಕಿಸಿದ ಪಾಠವೇ ಹೊರತು ಮೂಲದ ಹಾಳೆಯಲ್ಲ. ಎಲ್ಲಿ ಅಕ್ಷರ ಅಸ್ಪಷ್ಟವಾಗಿದೆಯೋ ಎಲ್ಲಿ ಹಾಳೆ ಹರಿದಿದೆಯೋ ಅಲ್ಲಿಯೇ ವಾದ ನಿಂತಿರುವಾಗ, ಅಚ್ಚಿನ ಪಾಠದಿಂದ ನಿರ್ಣಯ ಹೇಳುವುದು ಕ್ಷೇಮವಲ್ಲ.

ಇಷ್ಟು ತೊಡಕುಗಳಿದ್ದರೂ ಈ ಪಪೈರಸಿನ ಬೆಲೆ ಕಡಿಮೆಯಾಗುವುದಿಲ್ಲ. ಅದು ದೊರೆತ ಊರು ನಿಶ್ಚಿತ, ಅಗೆದವರು ಯಾರೆಂಬುದು ನಿಶ್ಚಿತ, ಪ್ರಕಟವಾದ ವರ್ಷ ನಿಶ್ಚಿತ. ಸಂಶಯವಿರುವವರು ಮೂಲವನ್ನು ಹೋಗಿ ನೋಡಬಹುದು. ಆದುದರಿಂದಲೇ ನೂರು ವರ್ಷಗಳ ಅನಂತರವೂ ಚರ್ಚೆ ಜೀವಂತವಾಗಿದೆ. ಪಶ್ಚಿಮ ಕರಾವಳಿಗೂ ಈಜಿಪ್ಟಿಗೂ ಇದ್ದ ವ್ಯಾಪಾರಸಂಬಂಧಕ್ಕೆ ಬೇರೆ ಪಪೈರಸಿನ ಆಧಾರವೂ ಉಂಟು. ೧೯೮೫ರಲ್ಲಿ ಪ್ರಕಟವಾದ, ವಿಯೆನ್ನಾದಲ್ಲಿರುವ ಪಪೈರಸೊಂದರ ಒಂದು ಮೈಯಲ್ಲಿ ಕೇರಳದ ಮುಝಿರಿಸ್ ಬಂದರಿಗೆ ಸಂಬಂಧಿಸಿದ ಸಾಲದ ಕರಾರೂ ಇನ್ನೊಂದು ಮೈಯಲ್ಲಿ ಹರ್ಮಪೊಲೋನ್ ಎಂಬ ಹಡಗಿನ ಸರಕಿನ ಲೆಕ್ಕವೂ ಇವೆ. ಅದರ ಕಾಲವೂ ೨ನೆಯ ಶತಮಾನವೇ. ಸಂಬಂಧವಿದ್ದುದು ದಿಟ, ಪ್ರಹಸನದ ಮಾತು ಕನ್ನಡವೇ ಎಂಬುದು ಮಾತ್ರ ಇನ್ನೂ ಸಾಧ್ಯವಾಗಬೇಕಾದ ಪಕ್ಷ.

೪. ಮೂಡಬಿದಿರೆಯ ಸಿದ್ಧಾಂತಗ್ರಂಥಗಳು: ಒಂದು ಪದದ ಪಾಠ

ಮೂಲವನ್ನು ನೋಡದೆ ಪ್ರತಿಯ ಪ್ರತಿಯಿಂದ ನಿರ್ಣಯ ಹೇಳುವುದರ ಅಪಾಯಕ್ಕೆ ಜೈನ ವಿದ್ವಾಂಸರು ಈಜಿಪ್ಟಿನವರೆಗೆ ಹೋಗಬೇಕಾಗಿಲ್ಲ. ಪುಷ್ಪದಂತ, ಭೂತಬಲಿ ಆಚಾರ್ಯರ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ರಚಿಸಿದ ಧವಲಾ ಟೀಕೆ, ವೀರಸೇನರು ತೊಡಗಿ ಜಿನಸೇನಾಚಾರ್ಯರು ಕ್ರಿ.ಶ. ೮೩೭ರಲ್ಲಿ ಪೂರ್ಣಗೊಳಿಸಿದ ಜಯಧವಲಾ, ಮತ್ತು ಮಹಾಧವಲವೆಂದು ಪ್ರಸಿದ್ಧವಾದ ಮಹಾಬಂಧ, ಈ ಮೂರರ ಪ್ರಾಚೀನ ತಾಡಪತ್ರಪ್ರತಿಗಳು ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಹಳಗನ್ನಡ ಲಿಪಿಯಲ್ಲಿ ಉಳಿದುಬಂದುವು. ಮಹಾಬಂಧದ ಪ್ರಶಸ್ತಿಯಿಂದ, ಮಲ್ಲಿಕಬ್ಬೆಯೆಂಬ ಶ್ರಾವಿಕೆ ಶ್ರೀಪಂಚಮಿ ವ್ರತದ ಉದ್ಯಾಪನೆಗಾಗಿ ಅದನ್ನು ಬರೆಯಿಸಿ ಮಾಘನಂದಿ ಆಚಾರ್ಯರಿಗೆ ದಾನವಿತ್ತಳೆಂದು ತಿಳಿಯುತ್ತದೆ. ಶಾಸ್ತ್ರದಾನದ ಸಂದರ್ಭದಲ್ಲಿ ದಾನಿ, ಪ್ರತಿಗ್ರಾಹಕರ ಹೆಸರನ್ನು ಬರೆದಿಡುವ ಈ ಪದ್ಧತಿ ಪ್ರಾಪ್ತಿಚರಿತ್ರೆಯ ಮೊದಲ ಕೊಂಡಿ. ತಿಪ್ಪೆಯ ಪಪೈರಸುಗಳಿಗೆ ಈ ಭಾಗ್ಯವಿಲ್ಲ.

ಬಹುಕಾಲ ಈ ಗ್ರಂಥಗಳು ದರ್ಶನಕ್ಕೆ ಮಾತ್ರ ಲಭ್ಯವಾಗಿದ್ದವು. ಸೊಲ್ಲಾಪುರದ ಸೇಠ್ ಹೀರಾಚಂದ ನೇಮಚಂದ, ಮುಂಬಯಿಯ ಸೇಠ್ ಮಾಣಿಕಚಂದ ಮೊದಲಾದವರ ಪ್ರಯತ್ನದಿಂದ ೧೮೯೬ರ ಸುಮಾರಿಗೆ ಪ್ರತಿಲೇಖನ ಆರಂಭವಾಯಿತು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳೂ ಗಜಪತಿ ಶಾಸ್ತ್ರಿಗಳೂ ಅದನ್ನು ಕೈಗೊಂಡರು. ಸುಮಾರು ೧೯೨೨ರ ವೇಳೆಗೆ ಮೂರು ಗ್ರಂಥಗಳ ಪ್ರತಿಲೇಖನ ಮುಗಿಯಿತು. ಈ ನಡುವೆ ಬಸದಿಯ ಆಡಳಿತಕ್ಕೆ ತಿಳಿಯದಂತೆ ಸಿದ್ಧವಾದ ಒಂದು ಕನ್ನಡ ಪ್ರತಿ ಉತ್ತರದ ಸಹಾರನಪುರಕ್ಕೆ ಸೇರಿತು. ಅಲ್ಲಿ ಅದರಿಂದ ನಾಗರಿ ಪ್ರತಿಯಾಯಿತು; ಆ ನಾಗರಿಯಿಂದ ಮತ್ತೆ ಪ್ರತಿಗಳಾಗಿ ಆರಾ, ಕಾರಂಜಾ, ಅಮರಾವತಿಗಳಿಗೆ ಹೋದವು. ಡಾ. ಹೀರಾಲಾಲ ಜೈನರು ೧೯೩೯ರಲ್ಲಿ ಅಮರಾವತಿಯಿಂದ ಧವಲಾದ ಮೊದಲ ಸಂಪುಟವನ್ನು ಪ್ರಕಟಿಸಿದಾಗ ಅವರ ಕೈಯಲ್ಲಿದ್ದುದು ಇಂತಹ ಪ್ರತಿಗಳೇ. ಎಂದರೆ ತಾಡಪತ್ರಕ್ಕೂ ಮುದ್ರಿತ ಪುಟಕ್ಕೂ ನಡುವೆ ಕಡಮೆಯೆಂದರೆ ಮೂರು ಕೈಗಳೂ ಎರಡು ಲಿಪಿಪರಿವರ್ತನೆಗಳೂ ಇದ್ದವು.

ಇದರ ಪರಿಣಾಮ ಜೀವಸ್ಥಾನದ ಸತ್ಪ್ರರೂಪಣೆಯ ೯೩ನೆಯ ಸೂತ್ರದಲ್ಲಿ ಕಾಣಿಸಿಕೊಂಡಿತು. ಮಾನುಷಿಯರ ಗುಣಸ್ಥಾನಗಳನ್ನು ಹೇಳುವ ಈ ಸೂತ್ರದಲ್ಲಿ ‘ಸಂಜದಾಸಂಜದ’ ಎಂಬುದರ ಮುಂದೆ ‘ಸಂಜದ’ ಎಂಬ ಪದ ಆ ಪ್ರತಿಗಳಲ್ಲಿ ಇರಲಿಲ್ಲ. ಟೀಕೆಯ ಪ್ರಕರಣವನ್ನು ವಿವೇಚಿಸಿದ ಸಂಪಾದಕರು ಅಲ್ಲಿ ‘ಸಂಜದ’ ಪದ ಬಿಟ್ಟುಹೋಗಿರಬೇಕೆಂದು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಸ್ತ್ರೀಯರ ಸಂಯಮ ಮತ್ತು ಮುಕ್ತಿಯ ವಿಚಾರಕ್ಕೆ ಸಂಬಂಧಿಸಿದ ಪದವಾದುದರಿಂದ ಸಮಾಜದಲ್ಲಿ ತೀವ್ರವಾದ ವಾದ ಎದ್ದಿತು. ಮೂಲದಲ್ಲಿಲ್ಲದ ಪದವನ್ನು ಸೇರಿಸಲಾಗಿದೆ ಎಂದು ಒಂದು ಪಕ್ಷ. ಅದಿಲ್ಲದೆ ಪ್ರಕರಣ ಕೂಡುವುದಿಲ್ಲ ಎಂದು ಇನ್ನೊಂದು ಪಕ್ಷ. ಯುಕ್ತಿಗಳಿಂದ ತೀರದ ಈ ವಾದಕ್ಕೆ ಮೂಡಬಿದಿರೆಯ ಓಲೆಗಳೇ ಉತ್ತರ ಕೊಟ್ಟವು. ಬಸದಿಯ ಅಧಿಕಾರಿಗಳ ಸಹಕಾರದಿಂದ ತಾಡಪತ್ರಗಳೊಡನೆ ತಾಳೆನೋಡಿದಾಗ ‘ಸಂಜದ’ ಪದ ಅವುಗಳಲ್ಲಿ ಇರುವುದು ಕಂಡುಬಂದಿತು. ಪದದ ಅರ್ಥವನ್ನು ಭಾವದ ದೃಷ್ಟಿಯಿಂದ ತಿಳಿಯಬೇಕೆ, ದ್ರವ್ಯದ ದೃಷ್ಟಿಯಿಂದ ತಿಳಿಯಬೇಕೆ ಎಂಬುದು ಸಿದ್ಧಾಂತದ ವಿಚಾರ. ಆದರೆ ಪದ ಇದೆಯೇ ಇಲ್ಲವೇ ಎಂಬುದು ಹಸ್ತಪ್ರತಿಯ ವಿಚಾರ. ಅದನ್ನು ಗರಿಯೇ ಹೇಳಬೇಕು.

ಇಂತಹ ಲೋಪ ಹೇಗೆ ಆಗುತ್ತದೆ ಎಂಬುದನ್ನು ಪಪೈರಸ್ ವಿದ್ವಾಂಸರು ಚೆನ್ನಾಗಿ ಬಲ್ಲರು. ಒಂದೇ ಅಕ್ಷರಗುಂಪು ಒತ್ತಾಗಿ ಮತ್ತೆ ಮತ್ತೆ ಬಂದಾಗ ಲಿಪಿಕಾರನ ಕಣ್ಣು ಒಂದರಿಂದ ಇನ್ನೊಂದಕ್ಕೆ ಜಾರಿ, ನಡುವಿನದು ಬಿಟ್ಟುಹೋಗುತ್ತದೆ. ‘ಸಂಜದಾಸಂಜದ’ದ ಬೆನ್ನಿಗೇ ‘ಸಂಜದ’ ಬರುವ ಸ್ಥಳ ಈ ಜಾರುವಿಕೆಗೆ ಹೇಳಿ ಮಾಡಿಸಿದಂತಿದೆ. ಇಲ್ಲಿ ಯಾರ ದುರುದ್ದೇಶವನ್ನೂ ಕಲ್ಪಿಸಬೇಕಾಗಿಲ್ಲ. ಹಾಗೆಯೇ, ಗ್ರಂಥವನ್ನು ಹೊರಗೆ ಬಿಡದೆ ಕಾಪಾಡಿದವರನ್ನೂ ಅದನ್ನು ಹೊರತಂದವರನ್ನೂ ಒಂದೇ ತಕ್ಕಡಿಯಲ್ಲಿಟ್ಟು ದೂಷಿಸುವುದು ನ್ಯಾಯವಲ್ಲ. ಹೊರಬಂದ ಪ್ರತಿಯಿಂದ ಅಧ್ಯಯನ ಸಾಧ್ಯವಾಯಿತು. ಒಳಗೆ ಉಳಿದ ಮೂಲದಿಂದ ತಿದ್ದುಪಡಿ ಸಾಧ್ಯವಾಯಿತು. ಈ ಎರಡರಲ್ಲಿ ಒಂದು ಇಲ್ಲದಿದ್ದರೂ ಪಾಠ ಶುದ್ಧವಾಗುತ್ತಿರಲಿಲ್ಲ.

೫. ಕರ್ನಾಟಕದಲ್ಲಿ ಸಂಗ್ರಹದ ಇತಿಹಾಸ

ಮೂಡಬಿದಿರೆಯ ಓಲೆಗಳು ಇದ್ದಲ್ಲಿಯೇ ಉಳಿದವು. ಇತರ ಸಾವಿರಾರು ಓಲೆಗಳು ಊರು ಬಿಟ್ಟು ಹೋದವು. ೧೭೯೯ರಲ್ಲಿ ಟಿಪ್ಪುವಿನ ಪತನಾನಂತರ ಮೈಸೂರು ಸೀಮೆಯ ಮೋಜಣಿಯನ್ನು ನಡೆಸಿದ ಕಾಲಿನ್ ಮೆಕೆಂಜಿ, ಕಾವಲಿ ಬೊರಯ್ಯ, ಕಾವಲಿ ಲಕ್ಷ್ಮಯ್ಯ, ಮಲೆಯೂರಿನ ಜೈನ ಪಂಡಿತ ಧರ್ಮಯ್ಯ ಮೊದಲಾದವರ ನೆರವಿನಿಂದ ದೊಡ್ಡ ಸಂಗ್ರಹವನ್ನು ಮಾಡಿದರು. ೧೮೨೧ರಲ್ಲಿ ಅವರು ತೀರಿಕೊಂಡ ಮೇಲೆ ಅದು ಕಂಪೆನಿಯ ವಶವಾಯಿತು. ೧೮೨೮ರಲ್ಲಿ ವಿಲ್ಸನ್ ಅದರ ಸೂಚಿಯನ್ನು ಪ್ರಕಟಿಸಿದರು. ಭಾಷೆ ಮತ್ತು ವಿಷಯಗಳ ಅನುಸಾರ ವಿಂಗಡಿಸಿದ ಈ ಸೂಚಿಯಲ್ಲಿ ಯಾವ ಮಠದ, ಯಾವ ಮನೆಯ ಓಲೆ ಎಂಬುದು ವಿಂಗಡಣೆಯ ಆಧಾರವಾಗಲಿಲ್ಲ. ಅನಂತರ ಸಂಗ್ರಹವೂ ಲಂಡನ್, ಮದ್ರಾಸ್ ಮೊದಲಾದ ಕಡೆಗಳಲ್ಲಿ ಹಂಚಿಹೋಯಿತು.

ಕರಾವಳಿಯಲ್ಲಿ ಬಾಸೆಲ್ ಮಿಷನ್ನಿನ ಕಿಟ್ಟೆಲ್ ಅವರು ಹಸ್ತಪ್ರತಿಗಳ ಆಧಾರದಿಂದ ಕೇಶಿರಾಜನ ಶಬ್ದಮಣಿದರ್ಪಣವನ್ನೂ ನಾಗವರ್ಮನ ಛಂದೋಂಬುಧಿಯನ್ನೂ ಸಂಪಾದಿಸಿದರು. ದಕ್ಷಿಣ ಭಾರತದ ಲಿಪಿಶಾಸ್ತ್ರವನ್ನು ಕುರಿತ ಬರ್ನೆಲ್ ಅವರ ಗ್ರಂಥ ೧೮೭೪ರಲ್ಲಿ ಮಂಗಳೂರಿನಲ್ಲಿಯೇ ಮುದ್ರಿತವಾಯಿತು. ೧೮೯೧ರಲ್ಲಿ ಮೈಸೂರಿನಲ್ಲಿ ಪ್ರಾಚ್ಯ ಗ್ರಂಥಾಲಯ ಸ್ಥಾಪಿತವಾಯಿತು. ಕೌಟಿಲ್ಯನ ಅರ್ಥಶಾಸ್ತ್ರವನ್ನು ೧೯೦೯ರಲ್ಲಿ ಲೋಕಕ್ಕೆ ನೀಡಿದ ಪ್ರತಿ ಅಲ್ಲಿಗೆ ಬಂದುದು ತಂಜಾವೂರು ಜಿಲ್ಲೆಯ ಪಂಡಿತರೊಬ್ಬರಿಂದ ಎಂಬುದಷ್ಟೇ ಪ್ರಸಿದ್ಧವಾಗಿದೆ. ಭಾರತೀಯ ವಿದ್ಯೆಯ ಗತಿಯನ್ನೇ ಬದಲಿಸಿದ ಓಲೆಯ ಹಿಂದಿನ ಮನೆತನದ ಹೆಸರು ಜನರ ನೆನಪಿನಲ್ಲಿ ಉಳಿಯಲಿಲ್ಲ.

ಈ ಹಿನ್ನೆಲೆಯಲ್ಲಿ ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ಯ ಮಹತ್ವ ತಿಳಿಯುತ್ತದೆ. ಕಾಶಿಯ ಭಾರತೀಯ ಜ್ಞಾನಪೀಠ ೧೯೪೮ರಲ್ಲಿ ಪ್ರಕಟಿಸಿದ ಈ ಸೂಚಿ ಮೂಡಬಿದಿರೆ, ಕಾರ್ಕಳ ಮೊದಲಾದ ಸ್ಥಳಗಳ ಭಂಡಾರಗಳನ್ನು ಅವು ಇದ್ದ ಸ್ಥಳದಲ್ಲಿಯೇ, ಭಂಡಾರದ ಹೆಸರಿನೊಡನೆ ದಾಖಲಿಸಿತು. ಓಲೆಯನ್ನು ಕದಲಿಸದೆ ವಿದ್ವಾಂಸರಿಗೆ ತಲುಪಿಸುವ ಮಾರ್ಗ ಇದು.

೬. ಗಡಿನಾಡಿನ ಓಲೆಗಳು

ಮಠ, ಬಸದಿಗಳ ಓಲೆಗಳಿಗೆ ಸೂಚಿಯಾದರೂ ದೊರೆಯಿತು. ಮನೆಗಳ ಓಲೆಗಳ ಸ್ಥಿತಿ ಹಾಗಲ್ಲ. ಮಂಡೆಕೋಲು ಕೇರಳದ ಗಡಿಗೆ ತಾಗಿದ ಗ್ರಾಮ. ಅದು ಸೇರಿರುವ ಸುಳ್ಯ ಸೀಮೆಯ ಆಡಳಿತ ಎರಡು ಶತಮಾನಗಳಲ್ಲಿ ಹಲವು ಸಲ ಬದಲಾಗಿದೆ. ಕೊಡಗಿನ ಅರಸರ ಕೈಕೆಳಗಿದ್ದ ಅಮರಸುಳ್ಯ ೧೮೩೪ರಲ್ಲಿ ಕಂಪೆನಿಯ ಕೆನರಾ ಜಿಲ್ಲೆಗೆ ಸೇರಿತು. ಮುಂದೆ ದಕ್ಷಿಣ ಕನ್ನಡ ಮದ್ರಾಸಿನಲ್ಲಿ ಉಳಿಯಿತು. ೧೯೫೬ರಲ್ಲಿ ಇತ್ತಣ ಭಾಗ ಮೈಸೂರು ರಾಜ್ಯಕ್ಕೂ ಅತ್ತಣ ಕಾಸರಗೋಡು ಕೇರಳಕ್ಕೂ ಹೋದವು. ಬಹುಕಾಲ ಪುತ್ತೂರಿನ ಭಾಗವಾಗಿದ್ದ ಸುಳ್ಯ ಆಮೇಲೆ ಬೇರೆ ತಾಲೂಕಾಯಿತು. ಈ ಪರಿಸರದ ಓಲೆಯೊಂದು ಯಾವ ಕಾಲದಲ್ಲಿ ಹೊರಗೆ ಹೋಯಿತೋ ಅದರ ಮೇಲೆ ಚೀಟಿಯಲ್ಲಿ ಕೊಡಗು, ಕೆನರಾ, ಮದ್ರಾಸ್, ಕೇರಳ ಎಂಬುದರಲ್ಲಿ ಯಾವ ಹೆಸರಾದರೂ ಇರಬಹುದು. ಊರಿನ ಮತ್ತು ಮನೆಯ ಹೆಸರನ್ನು ಬರೆಯದೆ ಜಿಲ್ಲೆಯ ಹೆಸರನ್ನಷ್ಟೇ ಬರೆದರೆ ಸಾಲದೆಂಬುದಕ್ಕೆ ಇದೇ ಕಾರಣ.

ಗಡಿಯಾಚೆ ಮುಳ್ಳೇರಿಯದ ಬಳಿಯ ಪುಂಡೂರಿನ ವೆಂಕಟರಾಜ ಪುಣಿಂಚತ್ತಾಯರ ಕಾರ್ಯ ಇಲ್ಲಿ ಸ್ಮರಣೀಯ. ತುಳುವಿನಲ್ಲಿ ಪ್ರಾಚೀನ ಲಿಖಿತ ಕಾವ್ಯವಿಲ್ಲವೆಂಬ ನಂಬಿಕೆ ಬಲವಾಗಿದ್ದಾಗ ಅವರು ಮನೆಗಳ ಓಲೆಗಳನ್ನು ಅರಸಿ, ತುಳು ಲಿಪಿಯನ್ನು ಓದಿ, ವಿಷ್ಣುತುಂಗನ ‘ಶ್ರೀ ಭಾಗವತೊ’ ಕಾವ್ಯವನ್ನು ೧೯೮೪ರಲ್ಲಿ ಪ್ರಕಟಿಸಿದರು. ಮಂತ್ರದ ಓಲೆ, ಲೆಕ್ಕದ ಓಲೆ ಎಂದು ಕಡೆಗಣಿಸಿದ ಕಟ್ಟುಗಳ ನಡುವೆಯೇ ಒಂದು ಭಾಷೆಯ ಸಾಹಿತ್ಯಚರಿತ್ರೆ ಅಡಗಿರಬಲ್ಲುದು.

೭. ಕರ್ತವ್ಯ

ದಾಖಲೆಯ ಬೆಲೆ ಪಾಠನಿರ್ಣಯಕ್ಕೆ ಮಾತ್ರ ಸೀಮಿತವಲ್ಲ. ೨೦೧೯ರಲ್ಲಿ, ಆಕ್ಸಿರಿಂಕಸ್ ಸಂಗ್ರಹದ ಒಡೆತನವಿರುವ ಸಂಸ್ಥೆ ತನ್ನ ೧೩ ತುಣುಕುಗಳು ಅಮೆರಿಕದ ಸಂಗ್ರಹಾಲಯವೊಂದರಲ್ಲಿ ಇವೆಯೆಂದು ಪ್ರಕಟಿಸಿತು. ಪರಿಶೀಲನೆಯಿಂದ ಒಟ್ಟು ೧೨೦ರಷ್ಟು ತುಣುಕುಗಳು ಕಾಣೆಯಾಗಿರುವುದು ತಿಳಿಯಿತು. ಕೆಲವು ತುಣುಕುಗಳ ಸೂಚಿಚೀಟಿಯೂ ಛಾಯಾಚಿತ್ರವೂ ಅವುಗಳೊಡನೆಯೇ ಮಾಯವಾಗಿದ್ದವು. ಆದರೂ ಬೇರೆಡೆ ಉಳಿದಿದ್ದ ದಾಖಲೆಗಳ ನೆರವಿನಿಂದ ಅವುಗಳನ್ನು ಗುರುತಿಸಲು ಸಾಧ್ಯವಾಯಿತು. ಅಷ್ಟು ಪ್ರಸಿದ್ಧ ಸಂಗ್ರಹದ ಗತಿ ಇದಾದರೆ, ಸೂಚಿಯೇ ಇಲ್ಲದ ಭಂಡಾರದಿಂದ ಒಂದು ಕಟ್ಟು ಹೋದರೆ ಅದು ತನ್ನದೆಂದು ಹೇಳಲು ಯಾವ ಸಾಕ್ಷಿ ಉಳಿದೀತು? ೭೫ ವರ್ಷಕ್ಕೆ ಕಡಮೆಯಿಲ್ಲದ, ಐತಿಹಾಸಿಕ ಅಥವಾ ಸಾಹಿತ್ಯಿಕ ಮಹತ್ವದ ಹಸ್ತಪ್ರತಿಗಳು ಭಾರತದ ೧೯೭೨ರ ಕಾಯಿದೆಯಂತೆ ಪುರಾತನ ವಸ್ತುಗಳೆನಿಸುತ್ತವೆ. ಕಾಯಿದೆಯ ರಕ್ಷಣೆಯಿದ್ದರೂ ಇಂತಹುದು ಇಂತಲ್ಲಿ ಇತ್ತು ಎಂಬ ದಾಖಲೆಯಿಲ್ಲದೆ ಅದು ಫಲಿಸದು.

ಆದುದರಿಂದ ಪ್ರತಿಯೊಂದು ಕಟ್ಟಿಗೂ ಕೆಲವು ಸಂಗತಿಗಳನ್ನು ಬರೆದಿಡುವುದು ಅವಶ್ಯಕ: ಊರು ಮತ್ತು ಮನೆ ಅಥವಾ ಬಸದಿಯ ಹೆಸರು, ಯಾವಾಗ, ಯಾರಿಂದ ಬಂದಿತು, ಗರಿಗಳ ಸಂಖ್ಯೆ, ಉದ್ದಗಲ, ರಂಧ್ರಗಳ ಸಂಖ್ಯೆ, ಆದಿ, ಅಂತ್ಯ ಮತ್ತು ಪ್ರಶಸ್ತಿ, ಹೊರಗರಿಗಳ ಮೇಲಿನ ಲೆಕ್ಕ, ಹೆಸರು, ಹಳೆಯ ಸಂಖ್ಯೆಗಳು, ಇದರಿಂದ ತೆಗೆದ ಪ್ರತಿಗಳಿದ್ದರೆ ಅವು ಎಲ್ಲಿಗೆ ಹೋದವು. ಹೊಸ ವೇಷ್ಟನ ಹೊದಿಸುವಾಗ ಹಳೆಯ ಹಲಗೆಯನ್ನೂ ಚೀಟಿಯನ್ನೂ ಎಸೆಯಬಾರದು. ಛಾಯಾಪ್ರತಿ ತೆಗೆದರೆ ಬರಹವಿಲ್ಲದ ಬದಿಯನ್ನೂ ತೆಗೆಯಬೇಕು; ಛಾಯಾಪ್ರತಿಯ ಮೇಲೆ ಮೂಲದ ಸಂಖ್ಯೆ ಇರಬೇಕು. ಸಂಪಾದಕರು ಗರಿಯಲ್ಲಿ ಇದ್ದುದನ್ನೂ ತಾವು ಊಹಿಸಿ ತುಂಬಿದುದನ್ನೂ ಬೇರೆ ಬೇರೆ ಚಿಹ್ನೆಗಳಿಂದ ತೋರಿಸಬೇಕು. ಪಪೈರಸ್ ಸಂಪಾದನೆಯಲ್ಲಿ ೧೯೩೧ರಿಂದ ಒಂದೇ ಚಿಹ್ನಾಪದ್ಧತಿ ಬಳಕೆಯಲ್ಲಿದ್ದು, ಹರಿದ ಭಾಗಕ್ಕೆ ಚೌಕ ಕಂಸವನ್ನೂ ಸಂದಿಗ್ಧ ಅಕ್ಷರದ ಕೆಳಗೆ ಚುಕ್ಕೆಯನ್ನೂ ಇಡುತ್ತಾರೆ. ತಾಡಪತ್ರದ ಸಂಪಾದನೆಗೂ ಇದು ಅನುಕರಣಯೋಗ್ಯ.

ಜ್ಯೇಷ್ಠ ಶುಕ್ಲ ಪಂಚಮಿಯಂದು, ಷಟ್ಖಂಡಾಗಮವು ಲಿಪಿಬದ್ಧವಾಗಿ ಪೂರ್ಣಗೊಂಡ ಸ್ಮರಣೆಗಾಗಿ, ಬಸದಿಗಳಲ್ಲಿಯೂ ಶ್ರಾವಕರ ಮನೆಗಳಲ್ಲಿಯೂ ಶಾಸ್ತ್ರಗಳನ್ನು ಹೊರತೆಗೆದು, ಶುಚಿಗೊಳಿಸಿ, ಪೂಜಿಸುವ ಸಂಪ್ರದಾಯವಿದೆ. ಕಟ್ಟು ಬಿಚ್ಚುವ ಆ ದಿನವೇ ಮೇಲೆ ಹೇಳಿದ ವಿವರಗಳನ್ನು ಒಂದು ಪುಸ್ತಕದಲ್ಲಿ ಬರೆದು, ಅದರ ಒಂದು ನಕಲನ್ನು ಬೇರೊಂದು ಸ್ಥಳದಲ್ಲಿ ಇರಿಸಿದರೆ ಹೆಚ್ಚಿನ ವೆಚ್ಚವಿಲ್ಲದೆ ಕಾರ್ಯ ನೆರವೇರುತ್ತದೆ. ಮಲ್ಲಿಕಬ್ಬೆಯ ಹೆಸರು ಇಂದಿಗೂ ಉಳಿದಿರುವುದು ಯಾರೋ ಒಬ್ಬ ಲಿಪಿಕಾರ ಗ್ರಂಥದ ಕೊನೆಗೆ ಅದನ್ನು ಬರೆದುದರಿಂದ. ಇಂದಿನ ಭಂಡಾರಗಳ ಪಾಲಕರು ಮುಂದಿನವರಿಗಾಗಿ ಮಾಡಬೇಕಾದುದೂ ಅಷ್ಟೇ.